ನಮ್ಮವರು ಗ್ಯಾರೇಜಿನಲ್ಲಿ ಎಣ್ಣೆ ಸೋಸಿದ್ದು

ಬನ್ನಿ, ಬಾಗಿಲಲ್ಲೇ ನಿಂತ್ಕೋಬೇಡಿ. ಆ ಸೋಫಾದ ಮೇಲೆ ಕಾಲು ಮಡಚಿ ಆರಾಮಾಗಿ ಕೂತ್ಕೊಳ್ಳಿ, ಚಳಿ ಅನ್ನಿಸಿದರೆ ನನ್ನ ಶಾಲು ಹೊದ್ಕೊಳ್ಳಿ. ಕಾಫಿ ಆಮೇಲೆ ಕೊಡ್ತೀನಿ. ಈ ಕಥೆ ಕೇಳ್ತಾ ಕಾಫಿ ಕುಡಿದವರಿಗೆ ಮೂಗಿಗೇರಿದ್ದೂ ಉಂಟು. ಬೇರೆಯವರ ಮನೇಲಿ ಹಬ್ಬಕ್ಕೋ ಹುಣ್ಣಿಮೆಗೋ ಒಂದು ತಮಾಷೆ ನಡೆದರೆ, ಎಣ್ಣೆ ಸೋಸೋ ಗಂಡನನ್ನು ಕಟ್ಟಿಕೊಂಡವಳ ಮನೇಲಿ ಬೆಳಗಾದರೆ ಒಂದು ನಡೆಯುತ್ತೆ.

ನಾವು ಆಗ ಮಿಷಿಗನ್ನಿನ ವಿಕ್ಸಮ್‌ನಲ್ಲಿದ್ದೆವು. ಮೈಸೂರಿನಿಂದ ಬಂದು ಕೆಲವು ವರ್ಷ ಆಗಿತ್ತು. ನಮ್ಮವರು ಕಾರಿನ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿ ಇಂಜಿನಿಯರು. ನಾನೋ, ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಅಷ್ಟರಲ್ಲಿ ಪೆಟ್ರೋಲ್ ಬಂಕಿನ ಮುಂದೆ ಕಾರುಗಳು ಸೀಮೆಎಣ್ಣೆ ಕ್ಯೂ ಥರ ನಿಲ್ಲೋ ಕಾಲ ಬಂತು. ಕಾರು ಕೊಳ್ಳೋರು ಕಡಿಮೆಯಾದರು ಅಂತ ಕಾರ್ಖಾನೆಯಲ್ಲಿ ಜನರನ್ನು ಕಡಿಮೆ ಮಾಡಿದರು. ಆ ಕಡಿಮೆಯಾದವರಲ್ಲಿ ನಮ್ಮವರೂ ಒಬ್ಬರು.

ಷಿಕಾಗೋದಲ್ಲಿ ನನ್ನ ತಂಗಿ ಇದ್ದಳು. ಸುದ್ದಿ ಕೇಳಿದ್ದೇ ತಡ ಅವಳ ಗಂಡ ಫೋನ್ ಮಾಡಿ, "ಬಂದ್ಬಿಡಿ ಇಲ್ಲಿಗೆ. ನನ್ನ ಆಫೀಸಲ್ಲಿ ನನ್ನ ಕೈಕೆಳಗೇ ಒಂದು ಜಾಗ ಇದೆ. ನಮ್ಮ ಬೇಸ್‌ಮೆಂಟ್ ಖಾಲಿ ಇದೆ" ಅಂದ. ಪಾಪ, ಒಳ್ಳೇ ಮನಸ್ಸಿನಿಂದಲೇ ಅಂದದ್ದು. ನಮ್ಮವರು ಫೋನ್ ಇಟ್ಟವರೇ ಅಡುಗೆಮನೆಗೆ ಬಂದು ನಿಂತರು.

"ಕೇಳಿಸ್ಕೊಂಡ್ಯಾ? ಷಡ್ಡಕನ ಕೈಕೆಳಗೆ ಕೆಲಸ, ಷಡ್ಡಕನ ಕಾಲಕೆಳಗೆ ಮನೆ! ಬೇಸಿಗೆ ಬರೋದರೊಳಗೆ ನಾನೇ ಏನಾದರೂ ಮಾಡ್ತೀನಿ ನೋಡ್ತಿರು."

ಮಾಡಿದ್ದು ಏನೂಂದ್ರೆ, ನಮ್ಮ ಬೀದಿಯ ಮೂಲೆಯಲ್ಲಿ ಕಾರು ರಿಪೇರಿ ಮಾಡೋ ಒಬ್ಬ ಅಮೆರಿಕನ್ ತಾತ ಇದ್ದ. ಬೋಳು ತಲೆ, ದಪ್ಪ ಕನ್ನಡಕ, ನಗು ಅನ್ನೋದು ಮುಖದ ಹತ್ತಿರ ಸುಳಿದಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ಗ್ಯಾರೇಜಿನಲ್ಲಿ ಕಾರುಗಳಿಂದ ಇಳಿಸಿದ ಕರೀ ಎಣ್ಣೆ ಡ್ರಮ್ಮುಗಟ್ಟಲೆ ಬಿದ್ದಿರುತ್ತಿತ್ತು. ನಮ್ಮವರು ಹೋಗಿ, "ಇದನ್ನು ಸೋಸಿ ಹೊಸದರ ಹಾಗೆ ಮಾಡಿಕೊಡ್ತೀನಿ" ಅಂದರು. ತಾತ ಮೇಲಿಂದ ಕೆಳಗೆ ನೋಡಿದ. "ಮಾಡಿ ತೋರಿಸು. ನನಗೆ ಒಪ್ಪಿಗೆಯಾದರೆ ಹಿಂದುಗಡೆ ಷೆಡ್ ನಿನಗೆ. ಸುತ್ತಮುತ್ತಲ ವರ್ಕ್‌ಷಾಪುಗಳ ಎಣ್ಣೆಯೆಲ್ಲ ನಿನ್ನ ಹತ್ತಿರ ಬರೋ ಹಾಗೆ ಮಾಡ್ತೀನಿ. ಒಪ್ಪಿಗೆಯಾಗದಿದ್ದರೆ ಈ ಕಡೆ ತಲೆ ಹಾಕಬೇಡ."

ಅಲ್ಲಿಗೆ ಆಯ್ತಲ್ಲ: ಒಂದು ಕಡೆ ಷೆಡ್ಡು, ಇನ್ನೊಂದು ಕಡೆ ಷಡ್ಡಕ.

ಬೆಕ್ಕಿನ ಮಣ್ಣು

ತಾತನ ಒಂದು ಡ್ರಮ್ಮು ನಮ್ಮ ಮನೆಯ ಗ್ಯಾರೇಜಿಗೆ ಬಂತು. ಕರೀ ಎಣ್ಣೆಯನ್ನು ಮೊದಲು ಡ್ರಮ್ಮಿನಲ್ಲಿ ಅಲ್ಲಾಡಿಸದೆ ಬಿಟ್ಟು ಗಸಿ ಇಳಿಸಬೇಕು. ಆಮೇಲೆ ಕಾಯಿಸಿ ನೀರಿನ ಪಸೆ ಹೋಗಿಸಬೇಕು. ಆಮೇಲೆ ಒಂಥರಾ ಜೇಡಿಮಣ್ಣು ಬೆರೆಸಿದರೆ ಕೊಳೆಯನ್ನೆಲ್ಲ ಅದು ಹೀರಿಕೊಳ್ಳುತ್ತೆ. ಆ ಮಣ್ಣು ಎಲ್ಲಿ ಸಿಗುತ್ತೆ ಅಂತ ನಮ್ಮವರು ಊರೆಲ್ಲ ಹುಡುಕಿದರು. ಕೊನೆಗೆ ಸಿಕ್ಕಿದ್ದು ದಿನಸಿ ಅಂಗಡಿಯಲ್ಲಿ. ಇಲ್ಲಿಯವರು ಬೆಕ್ಕು ಮನೆಯೊಳಗೇ ಗಲೀಜು ಮಾಡಲಿ ಅಂತ ತಟ್ಟೆಗೆ ಹಾಕಿಡ್ತಾರಲ್ಲ, ಅದೇ ಮಣ್ಣು.

ಪ್ರತಿ ಶನಿವಾರ ಮೂಟೆ ಮೂಟೆ ತಂದು ಇಳಿಸೋರು. ಪಕ್ಕದ ಮನೆಯಲ್ಲಿ ಗಂಡ ತೀರಿಹೋದ ಒಬ್ಬ ಹೆಂಗಸು ಒಂಟಿಯಾಗಿ ಇದ್ದಳು. ಕಿಟಕಿ ಪರದೆ ಸರಿಸಿ ಎಲ್ಲ ನೋಡ್ತಿದ್ದಳು. ನೋಡೀ ನೋಡೀ ಒಂದು ದಿನ ತಡೆಯಲಾರದೆ ಬಂದೇಬಿಟ್ಟಳು.

"ನಿಮ್ಮ ಬೆಕ್ಕುಗಳನ್ನ ನೋಡಬಹುದಾ?"

"ನೋ ಕ್ಯಾಟ್" ಅಂದೆ ನಾನು.

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವಳು ಬಾಗಿಲ ಪಕ್ಕದ ಮೂಟೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡು ಹೊರಟುಹೋದಳು. ನನಗೆ ತಲೆಬುಡ ತಿಳಿಯಲಿಲ್ಲ. ಮಾರನೆ ದಿನ ಬುಟ್ಟಿಯಲ್ಲಿ ಒಂದು ಮರಿಬೆಕ್ಕು, ಅದರ ಕತ್ತಿಗೆ ಕೆಂಪು ರಿಬ್ಬನ್ನು! ನಮ್ಮವರು ಇಂಗ್ಲಿಷಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು. ಪಾಪ, ಈ ಜನ ಬೆಕ್ಕು ಬರುತ್ತೆ ಬರುತ್ತೆ ಅಂತ ಕಾದು, ಮಣ್ಣು ತಂದು ತಂದು ಇಟ್ಟುಕೊಳ್ತಿದ್ದಾರೆ ಅಂತ ಅವಳು ತಿಳಿದಿದ್ದಳು. ಮಗು ಹುಟ್ಟೋಕೆ ಮುಂಚೆ ತೊಟ್ಟಿಲು ತಂದಿಟ್ಟ ಹಾಗೆ!

ಅಷ್ಟು ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನೋದು ಹ್ಯಾಗೆ? ಇಟ್ಟುಕೊಂಡೆವು. ಆದರೆ ನಮ್ಮವರು ಅವತ್ತಿನ ಮಣ್ಣನ್ನೆಲ್ಲ ಎಣ್ಣೆಗೆ ಸುರಿದುಬಿಟ್ಟಿದ್ದರು. ಬೆಕ್ಕು ಮನೆಯೆಲ್ಲ ಹುಡುಕಿ, ತನಗೆ ಅಂತ ಒಂದು ಹಿಡಿ ಮಣ್ಣೂ ಸಿಗದೆ, ಹೊರಗೆ ಓಡಿ ಆ ಹೆಂಗಸಿನ ಗುಲಾಬಿ ಪಾತಿಯಲ್ಲೇ ಕೂತು ಕೆಲಸ ಮುಗಿಸಿಕೊಂಡು ಬಂತು.

ನೊರೆ

ನಮ್ಮವರ ಸ್ನೇಹಿತರೊಬ್ಬರು ಧಾರವಾಡದವರು. ಒಂಟಿ ಜೀವ, ಭಾನುವಾರ ನಮ್ಮಲ್ಲೇ ಊಟ. ಅವರ ಕಡೆ ಅತ್ತಿಗೆಯನ್ನು ವೈನಿ ಅಂತಾರೆ, ನನ್ನನ್ನೂ ಹಾಗೇ ಕರೆಯೋರು. ಅವರಿಗೆ ಈ ಎಣ್ಣೆ ಕೆಲಸದಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

"ಅಲ್ಲೋ ಮಾರಾಯಾ, ಒಮ್ಮೆ ಕೆಟ್ಟದ್ದು ಸೋಸಿದ್ರ ಸುದ್ದ ಆಗತದೇನು? ಹಂಗ ಆಗತಿದ್ರ ನಾ ಮೊದಲ ನಮ್ಮ ಮ್ಯಾನೇಜರನ್ನ ಸೋಸತಿದ್ದೆ."

ಒಂದು ಭಾನುವಾರ ನಮ್ಮವರು ಗ್ಯಾರೇಜಿನಲ್ಲಿ ಕರೆಂಟ್ ಒಲೆಯ ಮೇಲೆ ಎಣ್ಣೆ ಇಟ್ಟಿದ್ದರು. ಅದರಲ್ಲಿ ನೀರು ಹೆಚ್ಚಾಗಿತ್ತೋ ಏನೋ, ಕಾಯುತ್ತಾ ಕಾಯುತ್ತಾ ನೊರೆ ಎದ್ದು ಪಾತ್ರೆಯ ಕಂಠಕ್ಕೆ ಬಂತು. "ರೀ, ಉಕ್ತಾ ಇದೆ!" ಅಂದೆ. ಅವರು ಸೌಟು ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕುಣಿದರು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಬೋಂಡ ಕರಿಯುವಾಗ ಎಣ್ಣೆ ನೊರೆ ಬಂದರೆ ನಮ್ಮಲ್ಲಿ ಚೂರು ಹುಣಸೆಹಣ್ಣು ಹಾಕ್ತೀವಿ.

"ಹುಣಸೆಹಣ್ಣು ಹಾಕಲಾ?"

ಎಂ.ಎಸ್. ಓದಿದ ಇಂಜಿನಿಯರು ಒಂದು ಗಳಿಗೆ ಯೋಚಿಸಿ ಏನಂದರು ಗೊತ್ತೇ? "ನಮ್ಮಮ್ಮನೂ ಹಾಕ್ತಿದ್ದಳು. ಹಾಕು, ಹಾಕು!"

ಓಡಿಹೋಗಿ ತಂದೆ. ಸಾರಿಗೆ ನೆನೆಹಾಕಿದ್ದ ಉಂಡೆ, ನೀರು ತೊಟ್ಟಿಕ್ತಾ ಇತ್ತು. ಅದನ್ನೇ ಹಾಕಿದೆ. ಢಂ ಅಂತ ಒಂದು ಸದ್ದು! ನಾವಿಬ್ಬರೂ ಕಾರಿನ ಹಿಂದೆ ಕೂತೆವು. ಎಣ್ಣೆ ಚಾವಣಿಗೆ ಹಾರಿ, ಅಲ್ಲಿಂದ ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ನಮಗೇನೂ ಆಗಲಿಲ್ಲ, ದೇವರ ದಯೆ. ಹುಣಸೆ ಉಂಡೆ ಮಾತ್ರ ಚಾವಣಿಗೆ ಅಂಟಿಕೊಂಡು ಇಳಿಯಲೇ ಇಲ್ಲ.

ಸದ್ದು ಕೇಳಿ ಧಾರವಾಡದವರು ಊಟದ ತಟ್ಟೆ ಕೈಯಲ್ಲೇ ಹಿಡಿದು ಓಡಿಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು.

"ವೈನಿ, ಒಂದೀಟು ಬೆಲ್ಲಾ, ಚಿಟಿಕಿ ಇಂಗು ಹಾಕಿಬಿಡ್ರೆಲಾ. ಇಂಜಿನ್ನಿಗೆ ಆಗಲಿಲ್ಲ ಅಂದ್ರ ಇಡ್ಲಿಗಾದರೂ ಆಗತಿತ್ತು!"

ಸುರುಳಿ ಕಾಗದ

ಎಲ್ಲ ಆದಮೇಲೆ ಎಣ್ಣೆಯನ್ನು ಕೊನೆಯ ಸಲ ಸೋಸೋದು ಯಾವುದರಲ್ಲಿ? ಮೊದಲು ನನ್ನ ಹಳೇ ಸೀರೆ ಹೋಯಿತು, ಆಮೇಲೆ ಅವರ ಪಂಚೆ ಹೋಯಿತು. ಕೊನೆಗೆ ಅವರು ಎಲ್ಲೋ ಓದಿಕೊಂಡು ಬಂದರು: ಇಲ್ಲಿಯವರು ಕಕ್ಕಸಿನಲ್ಲಿ ಒರೆಸಿಕೊಳ್ಳೋ ಸುರುಳಿ ಕಾಗದದಷ್ಟು ನಯವಾದ ಜರಡಿ ಬೇರೆ ಇಲ್ಲವಂತೆ. ಡಬ್ಬಿಯಲ್ಲಿ ಬಿಗಿಯಾಗಿ ಸುರುಳಿ ಕೂರಿಸಿ ಮೇಲಿಂದ ಎಣ್ಣೆ ಬಿಟ್ಟರೆ ಕೆಳಗೆ ಜೇನುತುಪ್ಪದ ಬಣ್ಣದಲ್ಲಿ ಇಳಿಯೋದು. ನಿಜ ಹೇಳ್ತೀನಿ, ನೋಡೋಕೆ ಎಷ್ಟು ಚೆನ್ನಾಗಿತ್ತು! ಅವತ್ತು ನಮ್ಮವರು ಆ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿ, ಎತ್ತಿ ಆಡಿಸಿದ ಮಗುವನ್ನು ನೋಡಿದ ಹಾಗೆ ನೋಡಿದರು.

ಸರಿ, ಪೆಟ್ಟಿಗೆ ಪೆಟ್ಟಿಗೆ ಸುರುಳಿ ಬಂತು. ನಮಗೆ ಅದಕ್ಕೆ ಚೊಂಬೇ ಸಾಕು, ಆದ್ದರಿಂದ ಎಲ್ಲ ಗ್ಯಾರೇಜಿಗೇ. ಆ ಚಳಿಗಾಲದಲ್ಲೇ ದೇಶದಲ್ಲಿ ಈ ಕಾಗದ ಮುಗಿದುಹೋಗುತ್ತಂತೆ ಅಂತ ಒಂದು ಪುಕಾರು ಎದ್ದಿತು. ಜನ ಅಂಗಡಿಗೆ ನುಗ್ಗಿ ಇದ್ದದ್ದನ್ನೆಲ್ಲ ಹೊತ್ತುಕೊಂಡು ಹೋದರು. ಊರಲ್ಲೆಲ್ಲ ಇಲ್ಲ, ನಮ್ಮ ಗ್ಯಾರೇಜಿನಲ್ಲಿ ಚಾವಣಿ ತನಕ ಇದೆ.

ಪಕ್ಕದ ಮನೆಯಾಕೆ ಸಂಕೋಚಪಡುತ್ತಾ ಬಂದು, ಒಂದು ಸುರುಳಿ ಸಾಲ ಕೊಡ್ತೀರಾ ಅಂದಳು. ಗ್ಯಾರೇಜಿಗೆ ಕರಕೊಂಡು ಹೋದೆ. ಅಲ್ಲಿ ಎಣ್ಣೆ ಕುಡಿದು ಕರ್ರಗಾದ ಹಳೇ ಸುರುಳಿಗಳನ್ನು ನಮ್ಮವರು ಹಗ್ಗಕ್ಕೆ ಸಾಲಾಗಿ ನೇತುಹಾಕಿದ್ದರು, ಇನ್ನೂ ತೊಟ್ಟಿಕ್ತಾ ಇದ್ದವು. ಅವಳು ಅದನ್ನು ನೋಡಿದವಳೇ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ದೇವರೇ, ನೀವು ಊಟಕ್ಕೆ ಏನು ತಿಂತೀರಿ?"

ನಮ್ಮವರು ಬಂದು ವಿವರಿಸೋ ತನಕ ನನ್ನ ಅಡುಗೆಯ ಮಾನ ಹೋಗಿತ್ತು. ಸುದ್ದಿ ಬೀದಿಯೆಲ್ಲ ಹರಡಿ ಮಾರನೆ ದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮನೆಗೆ ಬಂದ ಹೆಣ್ಣುಮಗಳಿಗೆ ಬರೀ ಅದನ್ನು ಕೈಗೆ ಕೊಟ್ಟು ಕಳಿಸೋದು ನನಗೆ ಸರಿಕಾಣಲಿಲ್ಲ. ಬೆಳ್ಳಿ ತಟ್ಟೆಯಲ್ಲಿ ಸುರುಳಿ ಇಟ್ಟು, ಮೇಲೊಂದು ಬಾಳೆಹಣ್ಣು, ಪಕ್ಕದಲ್ಲಿ ಅರಿಶಿನ ಕುಂಕುಮ. ಹಣೆಗೆ ಇಟ್ಟು ಕಳಿಸಿದೆ. ಮುಂದಿನ ಚಳಿಗಾಲಕ್ಕೆ ಅಂಗಡಿ ತುಂಬಾ ಕಾಗದ ಇತ್ತು. ಆದರೂ ಅಷ್ಟು ಹೆಂಗಸರೂ ಒಳ್ಳೊಳ್ಳೆ ಬಟ್ಟೆ ಹಾಕ್ಕೊಂಡು, ಕೇಕು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತರು: "ಇವತ್ತೇ ಅಲ್ವಾ ನಿಮ್ಮ ಹಬ್ಬ?"

ಷಿಕಾಗೋ ದಾರಿ

ಆ ಮೊದಲ ಚಳಿಗಾಲ ಮುಗಿಯೋ ಹೊತ್ತಿಗೆ ಎಣ್ಣೆ ಸಿದ್ಧವಾಗಿ, ಬಾಟಲಿ ತುಂಬಿಕೊಂಡು ನಮ್ಮವರು ಗ್ಯಾರೇಜಿನ ತಾತನ ಹತ್ತಿರ ಹೋದರು. ತಾತ ಬೆರಳಲ್ಲಿ ಉಜ್ಜಿ ನೋಡಿ, "ನೋಡೋಕೆ ಚೆನ್ನಾಗಿದೆ. ನೋಡೋದಕ್ಕೆ ಬಿಯರೂ ಚೆನ್ನಾಗಿರುತ್ತೆ, ಇಂಜಿನ್ನಿಗೆ ಹಾಕ್ತೀನಾ? ನಿನ್ನ ಕಾರಿಗೇ ಹಾಕಿಕೋ. ದೂರ ಎಲ್ಲಾದರೂ ಹೋಗಿ ಬಾ. ದಾರಿಯಲ್ಲಿ ಬೇರೆ ಎಣ್ಣೆ ಬೆರೆಸಬೇಡ. ಬಂದಮೇಲೆ ನಾನೇ ಇಳಿಸಿ ನೋಡ್ತೀನಿ" ಅಂದ.

ಷಿಕಾಗೋದಲ್ಲಿ ತಂಗಿಗೆ ಹೆಣ್ಣುಮಗು ಆಗಿತ್ತು. ಆ ವಾರವೇ ನಾಮಕರಣ. ನಮ್ಮ ಕಾರು ಹಳೇ ಕಾಲದ್ದು, ಹಡಗಿನ ಹಾಗೆ ಉದ್ದ. ಧಾರವಾಡದವರೂ ಹತ್ತಿಕೊಂಡರು. "ದಾರ್ಯಾಗ ನಿಂತ್ರ ನೂಕಾಕ ಒಬ್ಬಾಂವ ಬೇಕಲ್ಲ" ಅಂತ.

ಹೋಗುವಾಗ ಕಾರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು. ನಮ್ಮವರಿಗೆ ಮಾತ್ರ ಸಮಾಧಾನ ಇಲ್ಲ. ರೆಸ್ಟ್ ಏರಿಯಾ ಬಂದಾಗೆಲ್ಲ ಇಳಿಯೋದು, ಬಾನೆಟ್ ಎತ್ತೋದು, ಎಣ್ಣೆಯ ಅಳತೆಕಡ್ಡಿ ಹಿರಿದು ಮೂಸೋದು. ನಾಮಕರಣದಲ್ಲೂ ಅಷ್ಟೇ. ತೊಟ್ಟಿಲ ಸುತ್ತ ಜನ ಮಗುವಿಗೆ ಏನು ಹೆಸರು ಅಂತ ಕೇಳ್ತಿದ್ದರೆ, ಇವರು ಷಡ್ಡಕನನ್ನು ಹೊರಗೆ ನಿಲ್ಲಿಸಿಕೊಂಡು ಕಡ್ಡಿ ತೋರಿಸ್ತಿದ್ದರು. ಷಡ್ಡಕನಿಗೂ ಎಣ್ಣೆ ಮೆಚ್ಚಿಗೆಯಾಯಿತು. "ನನಗೂ ಒಂದು ಡಬ್ಬಿ ಕೊಡಿ" ಅಂದ. ಅವನು ಹಾಗೆ ಕೇಳಿದ್ದೇ ಇವರಿಗೆ ಕಿರೀಟ ಇಟ್ಟಷ್ಟಾಗಿ, ದಾರಿಗೆ ಅಂತ ತಂದಿದ್ದ ಒಂದೇ ಒಂದು ಡಬ್ಬಿಯನ್ನು ಎತ್ತಿ ಕೊಟ್ಟುಬಿಟ್ಟರು!

ಪೆಟ್ರೋಲಿನ ಅಭಾವಕ್ಕೆ ಭಾನುವಾರ ಬಂಕುಗಳು ಮುಚ್ಚಿರುತ್ತವೆ ಅಂತ ಶನಿವಾರವೇ ಪೆಟ್ರೋಲ್ ತುಂಬಿಸಿದ್ದೆವು. ಭಾನುವಾರ ಬೆಳಗ್ಗೆ ಹೊರಟೆವು. ಅರ್ಧ ದಾರಿ ಕಳೆದಮೇಲೆ ಧಾರವಾಡದವರು ಮೂಗು ಮೇಲೆತ್ತಿದರು. "ಏನೋ ಸುಟ್ಟ ವಾಸನಿ ಬರಾಕತ್ತದ." ಕಾರು ನಿಲ್ಲಿಸಿ ಕಡ್ಡಿ ಹಿರಿದರೆ, ಎಣ್ಣೆ ತಳ ಮುಟ್ಟಿದೆ. ಹಳೇ ಕಾರು ಅಲ್ಲವೇ, ಎಲ್ಲೋ ಸೋರಿತ್ತು. ಎಣ್ಣೆ ಇಲ್ಲದೆ ಓಡಿಸಿದರೆ ಇಂಜಿನ್ನು ಕಟ್ಟಿಕೊಳ್ಳುತ್ತೆ. ಕೊಳ್ಳೋಣ ಅಂದರೆ ಎಲ್ಲ ಬಾಗಿಲು ಮುಚ್ಚಿದೆ.

ನಮ್ಮವರು ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತುಬಿಟ್ಟರು. "ಹೋಯ್ತು ಕಣೆ. ಕಾರು ನಿಂತರೂ ಷಡ್ಡಕನ ಬೇಸ್‌ಮೆಂಟೇ, ಬೇರೆ ಎಣ್ಣೆ ಹಾಕಿದರೂ ಬೇಸ್‌ಮೆಂಟೇ." ಮದುವೆಯಾದಮೇಲೆ ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ನಾನೂ ಚೀಲ ತಂದುಕೊಂಡು ಅವರ ಪಕ್ಕದಲ್ಲೇ ಕೂತೆ.

ಧಾರವಾಡದವರು ನನ್ನ ಚೀಲದ ಕಡೆ ನೋಡಿದರು. "ವೈನಿ, ಆ ದೊಡ್ಡ ಸೀಸೆದಾಗ ಏನದ?"

"ಹರಳೆಣ್ಣೆ. ತಂಗಿ ಅತ್ತೆ ಊರಿಂದ ಬರುವಾಗ ಮಗುವಿಗೆ ಹಚ್ಚೋಕೆ ಅಂತ ತಂದದ್ದು. ನಿನ್ನ ತಲೆ ಕಾದಿದೆ, ನೀನು ಇಟ್ಟುಕೋ ಅಂತ ತಂಗಿ ಕೊಟ್ಟಳು."

ಅವರು ತೊಡೆ ತಟ್ಟಿಕೊಂಡರು. "ಏ, ಎದ್ದೇಳೋ! ನಮ್ಮ ಅಜ್ಜ ಚಕ್ಕಡಿ ಕೀಲಿಗೆ ಇದನ್ನ ಹಾಕತಿದ್ದ. ಎರಡು ಎತ್ತು, ಮೂವತ್ತು ಚೀಲ ಜೋಳ, ಒಂದ ದಿನಾ ಚಕ್ರ ಕಿರ್ ಅನ್ನಲಿಲ್ಲ!"

"ಇದು ಚಕ್ಕಡಿ ಅಲ್ಲಯ್ಯ, ಎಂಟು ಸಿಲಿಂಡರಿನ ವಿ-ಎಯ್ಟು!"

"ಎಂಟು ಎತ್ತು ಅಂತ ತಿಳ್ಕೋ!"

ಬೇರೆ ದಾರಿ ಏನಿತ್ತು? ನಾನೇ ಸೀಸೆ ಬಗ್ಗಿಸಿ ಮುಕ್ಕಾಲುಪಾಲು ಸುರಿದೆ. ಕಾರು ಗುರ್ ಅಂದು ಹೊರಟಿತು. ಹಿಂದೆ ಬೆಳ್ಳಗೆ ಹೊಗೆ; ಒಳಗೆಲ್ಲ ಅಭ್ಯಂಜನದ ದಿನದ ಬಚ್ಚಲಮನೆ ವಾಸನೆ. ಧಾರವಾಡದವರು ದಾರಿಯುದ್ದಕ್ಕೂ "ಹೈ, ಹೈ" ಅಂತ ಎತ್ತು ಹೊಡೆದರು.

ತಾತನ ತೀರ್ಪು

ಮಾರನೆ ದಿನ ಮೂವರೂ ಗ್ಯಾರೇಜಿಗೆ ಹೋದೆವು. ಕಾರು ಒಳಗೆ ಬಂದು ನಿಂತದ್ದೇ, ತಾತ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಗಾಳಿ ಮೂಸಿದ. ಇನ್ನೊಮ್ಮೆ ಮೂಸಿದ. ನಮ್ಮವರಿಗೆ ತಡೆಯಲಾಗಲಿಲ್ಲ. ಕಟಕಟೆಯಲ್ಲಿ ನಿಂತವರ ಹಾಗೆ ಕೈಕಟ್ಟಿಕೊಂಡು ಇದ್ದದ್ದನ್ನೆಲ್ಲ ಹೇಳಿಬಿಟ್ಟರು. "ನಾನು ಮಾತು ತಪ್ಪಿದೆ. ಬೇರೆ ಎಣ್ಣೆ ಸೇರಿದೆ. ನಾವು ಷಿಕಾಗೋಕ್ಕೆ ಹೋಗ್ತೀವಿ."

ತಾತ ಕಾರಿನ ಕೆಳಗೆ ನುಸುಳಿದ. ಎಣ್ಣೆ ಇಳಿಸಿ ಒಂದು ದೊಡ್ಡ ಗಾಜಿನ ಜಾಡಿಗೆ ತುಂಬಿ ಕಿಟಕಿಯಲ್ಲಿಟ್ಟ. "ಆರಲಿ. ಆಮೇಲೆ ಬನ್ನಿ" ಅಂದ.

ಸಂಜೆ ಹೋಗಿ ನೋಡಿದರೆ ಜಾಡಿಯಲ್ಲಿ ಎರಡು ಪದರ! ಹರಳೆಣ್ಣೆ ಭಾರ ಅಲ್ಲವೇ, ಅದು ಬೇರೆಯಾಗಿ ತಳದಲ್ಲಿ ಮಂಡಿಯೂರಿತ್ತು. ತಾತ ಬೆರಳು ಹಚ್ಚಿ ತೋರಿಸಿದ. "ಮೇಲೆ ನಿಂತಿರೋದು ನಿಂದು. ಕೆಳಗೆ ಕೂತಿರೋದು ನಿನ್ನ ಹೆಂಡತಿದು."

ಧಾರವಾಡದವರು ಕನ್ನಡದಲ್ಲಿ ಗೊಣಗಿದರು: "ಇಂವಗ ನಿಮ್ಮ ಮನಿ ಸಂಗತಿ ಗೊತ್ತಿಲ್ಲ. ಅಲ್ಲೆ ಯಾವಾಗಲೂ ಉಲ್ಟಾ."

ತಾತ ಮೇಲಿನದನ್ನು ಮಾತ್ರ ಚಮಚದಲ್ಲಿ ತೆಗೆದು, ಕಾಗದದ ಮೇಲೆ ತೊಟ್ಟು ಬಿಟ್ಟು, ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಆಮೇಲೆ ಮೊಳೆಯಿಂದ ಒಂದು ಬೀಗದ ಕೈ ತೆಗೆದು ನಮ್ಮವರ ಮುಂದೆ ಹಿಡಿದ. "ಷೆಡ್ ಗುಡಿಸಿಕೋ. ಇಲಿ ಇವೆ. ಆ ಇನ್ನೊಂದು ಎಣ್ಣೆ ಮಾತ್ರ ಮತ್ತೆ ಇಂಜಿನ್ನಿಗೆ ಹಾಕಬೇಡ, ಅಂಟು ಕಟ್ಟುತ್ತೆ."

ನಮ್ಮವರು ಬೀಗದ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ಧಾರವಾಡದವರು, ಕಣ್ಣಿಗೆ ಎಣ್ಣೆ ಹಾರಿತೇನೋ ಅಂದರು.

ಆಮೇಲೆ ತಾತ ನನ್ನ ಕಡೆ ತಿರುಗಿ, ಸೀಸೆಯಲ್ಲಿ ಇನ್ನೂ ಇದೆಯಾ ಅಂದ. ವಯಸ್ಸಿನಲ್ಲಿ ಮಣ್ಣಿನ ರಸ್ತೆ ಮೇಲೆ ರೇಸು ಕಾರು ಓಡಿಸ್ತಿದ್ದನಂತೆ. ಆಗ ಆ ಕಾರುಗಳಿಗೆ ಇದೇ ಎಣ್ಣೆ ಹಾಕ್ತಿದ್ದರಂತೆ. ಆ ವಾಸನೆ ಕುಡಿದು ಎಷ್ಟು ವರ್ಷ ಆಯ್ತೋ ಅಂದ. ಇದನ್ನು ನಮ್ಮವರು ನನಗೆ ಆಮೇಲೆ ಹೇಳಿದ್ದು! ಆಗ ನಾನು ಕಂಡದ್ದು ಇಷ್ಟೇ: ಒಬ್ಬ ಮುದುಕ, ಬೋಳು ತಲೆ, ಹರಳೆಣ್ಣೆ ಕೇಳ್ತಿದ್ದಾನೆ. ಪಾಪ, ಮನೇಲಿ ಹಚ್ಚೋರು ಯಾರೂ ಇಲ್ಲವೇನೋ. ಚೀಲದಲ್ಲೇ ಇದ್ದ ಸೀಸೆ ತೆಗೆದು, ಅಲ್ಲಿದ್ದ ಬಕೆಟ್ಟು ಬೋರಲು ಹಾಕಿ, ಭುಜ ಹಿಡಿದು ಕೂರಿಸಿ, ನೆತ್ತಿಗೆ ಸುರಿದು, "ಆಯುಷ್ಯ ಹೆಚ್ಚಲಿ, ಕಣ್ಣು ತಂಪಾಗಲಿ" ಅಂತ ಎರಡೂ ಕೈಯಲ್ಲಿ ಫಟ್ ಫಟ್ ಅಂತ ತಟ್ಟಿದೆ.

ತಾತ ಕಲ್ಲಾಗಿ ಕೂತ. ಎಣ್ಣೆ ಕಿವಿ ಮೇಲೆ ಇಳಿದು, ಕನ್ನಡಕದ ಮೇಲೆ ಇಳಿಯಿತು.

"ಯಾಕೆ ಹೊಡೀತಿದ್ದಾಳೆ?" ಅಂತ ನಮ್ಮವರನ್ನು ಕೇಳಿದ.

"ಆಶೀರ್ವಾದ ಅದು" ಅಂದರು ಇವರು.

ತಾತ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ತಲೆ ಇನ್ನಷ್ಟು ಬಗ್ಗಿಸಿದ. "ಹಾಗಾದರೆ ಈ ಕಡೆ ಪಕ್ಕಾನೂ ಸ್ವಲ್ಪ ಹೊಡಿ ಅಂತ ಹೇಳು."

ಆ ತಾತ ತುಂಬು ವಯಸ್ಸಿನ ತನಕ ಇದ್ದ. ಪ್ರತಿ ದೀಪಾವಳಿಗೆ ನಮ್ಮ ಮನೆಗೆ ಬಂದು ಎಣ್ಣೆ ಹಚ್ಚಿಸಿಕೊಂಡು ಹೋಗೋನು, ನಗು ಮಾತ್ರ ಕೊನೆವರೆಗೂ ಬರಲಿಲ್ಲ. ಪಕ್ಕದ ಮನೆಯಾಕೆ ಮತ್ತೆ ಮದುವೆಯಾಗಿ ಫ್ಲಾರಿಡಾಕ್ಕೆ ಹೋದಳು. ಬೆಕ್ಕು ನಮ್ಮನ್ನು ಬಿಟ್ಟು ಅವಳ ಕಾರಿನಲ್ಲಿ ಕೂತಿತು. ಧಾರವಾಡದವರಿಗೆ ಮದುವೆಯಾಗಿ ಇಲ್ಲೇ ಪಕ್ಕದ ಟ್ರಾಯ್ ಊರಿನಲ್ಲಿ ಮನೆಯಾಯಿತು. ಅವರ ಮನೆಯಲ್ಲಿ ಮೇಲಿನ ಪದರ ಯಾರದು ಅಂತ ನಾನು ಹೇಳಬೇಕಾಗಿಲ್ಲ. ಷಡ್ಡಕ ಆ ಡಬ್ಬಿಯ ಎಣ್ಣೆಯನ್ನು ಕಾರಿಗೆ ಹಾಕಲೇ ಇಲ್ಲ, ಬಂದವರಿಗೆಲ್ಲ "ನಮ್ಮ ಷಡ್ಡಕರು ಮಾಡಿದ್ದು" ಅಂತ ತೋರಿಸ್ತಿದ್ದಾನೆ. ಕಾರು ತಳ ತುಕ್ಕು ಹಿಡಿದು ಕೂತ ಕಡೆಯಿಂದಲೇ ರಸ್ತೆ ಕಾಣೋ ಹಾಗಾದಮೇಲೆ ಗುಜರಿಗೆ ಹೋಯಿತು. ಆಗಲೂ ಇಂಜಿನ್ನು ಗಟ್ಟಿಯಾಗಿತ್ತು. ನಮ್ಮವರು ಷೆಡ್ಡಿನಲ್ಲಿ ವರ್ಷಗಟ್ಟಲೆ ಊರಿನ ಎಣ್ಣೆ ಸೋಸಿ, ಈಗ ರಾಚೆಸ್ಟರ್ ಹಿಲ್ಸ್‌ನ ಈ ಮನೆಯಲ್ಲಿ, ಅಗೋ, ಆ ಕುರ್ಚಿಯಲ್ಲಿ ಕೂತು ಒಣಚಪಾತಿ ತಿಂತಿದ್ದಾರೆ. ನಾಮಕರಣ ಆಯ್ತಲ್ಲ, ಆ ಹುಡುಗಿಯೇ ಈಗ ಹೃದಯದ ಡಾಕ್ಟರು. ಮೊನ್ನೆ ಇವರ ಎದೆ ಪರೀಕ್ಷೆ ಮಾಡಿ, "ದೊಡ್ಡಪ್ಪ, ನೋ ಆಯಿಲ್. ನಾಟ್ ಈವನ್ ಎ ಡ್ರಾಪ್" ಅಂದಳು.

ಇವರು ನನ್ನ ಕಡೆ ತಿರುಗಿ, "ನೋಡ್ದೇನೇ? ಅವಳ ಹರಳೆಣ್ಣೆ ಕಾರಿಗೆ ಹಾಕಿದ್ದಕ್ಕೆ ಇಷ್ಟು ವರ್ಷ ಕಾದು ಸೇಡು ತೀರಿಸಿಕೊಂಡಳು!" ಅಂದರು.